ಕಡತಕ್ಕೆ ಹದ ಬಂದ ದಿನ

ಬಿಸಿಲು ಎಲ್ಲ ಮನೆಯ ಮೇಲೂ ಸಮನಾಗಿ ಬೀಳುತ್ತಿದ್ದ ಒಂದು ಊರು. ಅಲ್ಲಿ ಮುನ್ನೂರ ಅರವತ್ತು ಮನೆ, ಒಂದು ದೇವಸ್ಥಾನ, ದೇವಸ್ಥಾನದ ಎದುರಿಗೆ ಒಂದು ಚಾವಡಿ. ಆ ಊರ ದೇವರಿಗೆ ಕಣ್ಣಿರಲಿಲ್ಲ.

ಹಿಂದೆ ಇದ್ದವು. ಪೂಜೆಯ ಹೊತ್ತಿಗೆ ಕಲ್ಲಿನ ಮುಖಕ್ಕೆ ಮೆತ್ತುವ ಚಿನ್ನದ ಎರಡು ಕಣ್ಣು. ಒಂದು ದಿನ ದೊಡ್ಡಮನೆಯಲ್ಲಿ ಔತಣವಾಯಿತು. ದೊಡ್ಡವರೆಲ್ಲ ಬಂದರು. ಬಂದವರು ನೋಡಲಿ ಎಂದು ದೇವರ ಕಣ್ಣುಗಳನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ತಂದರು. ತಟ್ಟೆ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕಣ್ಣಿಗೊತ್ತಿಕೊಂಡರು. ತಾಂಬೂಲದ ಹೊತ್ತಿಗೆ ತಟ್ಟೆ ತಿರುಗಿ ಬಂತು, ಕಣ್ಣು ಬರಲಿಲ್ಲ.

ಹೊರಗಿನಿಂದ ವಿಚಾರಣೆಯವರು ಬಂದು ನಲವತ್ತು ದಿನ ಕೂತು ಕೇಳಿದರು, ನಲವತ್ತು ದಿನ ಕೂತು ಬರೆದರು. ಬರೆದದ್ದನ್ನೆಲ್ಲ ಕೆಂಪು ಬಟ್ಟೆಯಲ್ಲಿ ಕಟ್ಟಿ ಚಾವಡಿಯ ಪೆಟ್ಟಿಗೆಯಲ್ಲಿಟ್ಟರು. ಹೊರಡುವಾಗ ಒಂದು ಮಾತು ಹೇಳಿ ಹೋದರು: ‘ಈ ಕಡತಕ್ಕೆ ಹದ ಬಂದ ದಿನ ಬಿಚ್ಚಿ ಊರೆದುರಿಗೆ ಓದತಕ್ಕದ್ದು. ಓದಿದ್ದನ್ನು ಅಂದೇ ನಡೆಸತಕ್ಕದ್ದು. ಓದುವ ತನಕ, ಔತಣದ ದಿನ ದೀವಟಿಗೆ ಹಿಡಿದಿದ್ದವನು ಸೆರೆಮನೆಯಲ್ಲಿರತಕ್ಕದ್ದು.’

ದೀವಟಿಗೆಯವನೇ ಯಾಕೆ ಎಂದರೆ, ಬೆಳಕು ಹಿಡಿದವನು ಎಲ್ಲವನ್ನೂ ಕಂಡಿರುತ್ತಾನೆ, ಕಂಡವನು ಕೈ ಹಾಕಿದ್ದರೂ ಹಾಕಿರಬಹುದು. ಊರಿಗೆ ಈ ಮಾತು ಸರಿಯೆನಿಸಿತು. ಸರಿಯೆನಿಸದಿದ್ದದ್ದು ಅವನ ಹೆಂಡತಿಗೆ ಮಾತ್ರ. ಅವಳು ದೇವಸ್ಥಾನದ ಸಂತರ್ಪಣೆಗೂ ಊರಿನ ಮದುವೆ ಮುಂಜಿಗಳಿಗೂ ಮುತ್ತುಗದ ಎಲೆ ಹಚ್ಚಿ ಕೊಡುವವಳು.

ಕಡತದ ಜೊತೆಗೇ ಊರಿಗೆ ಒಂದು ಕಟ್ಟಳೆಯೂ ಬಂತು. ಯಾರು ಮಾಡಿದರೋ ಯಾರಿಗೂ ತಿಳಿಯದು, ಎಲ್ಲರೂ ನಡೆಸಿದರು. ಕಡತದಲ್ಲಿ ಏನಿದೆ ಎಂದು ಯಾರೂ ಕೇಳಕೂಡದು. ಯಾವತ್ತು ಬಿಚ್ಚುತ್ತಾರೆ ಎಂದು ಯಾರು ಬೇಕಾದರೂ ಹೇಳಬಹುದು.

ಕೇಳುವುದನ್ನು ಬಿಡಿಸಿ ಹೇಳುವುದನ್ನು ಕೊಟ್ಟರೆ ಜನಕ್ಕೆ ಬೇಡವೆ? ಚಾವಡಿಯ ಎದುರುಗೋಡೆಯಲ್ಲಿ ಮೂವತ್ತು ದೀಪದ ಗೂಡುಗಳಿದ್ದವು. ಮೇಲಿನ ಸಾಲಿನ ಹದಿನೈದು ಶುಕ್ಲಪಕ್ಷಕ್ಕೆ, ಕೆಳಗಿನ ಸಾಲಿನ ಹದಿನೈದು ಕೃಷ್ಣಪಕ್ಷಕ್ಕೆ ಎಂದಾಯಿತು. ಮನೆಗೊಂದು ಗಜ್ಜುಗದ ಕಾಯಿ, ಕಾಯಿಯ ಮೇಲೆ ಆ ಮನೆಯ ಗುರುತಿನ ಗೀರು. ಅಮಾವಾಸ್ಯೆಯ ಬೆಳಗಿನಿಂದ ಸಂಜೆ ದೀಪ ಹಚ್ಚುವ ತನಕ, ಬರುವ ತಿಂಗಳಲ್ಲಿ ಯಾವ ತಿಥಿಗೆ ಕಡತ ಬಿಚ್ಚುತ್ತಾರೆ ಅನ್ನಿಸುತ್ತದೋ ಆ ಗೂಡಿನಲ್ಲಿ ಕಾಯಿ ಇಡಬೇಕು. ಬೇಕೆಂದರೆ ತೆಗೆದು ಬೇರೆ ಗೂಡಿಗೂ ಇಡಬಹುದು. ದೀಪ ಹಚ್ಚಿದ ಮೇಲೆ ಮುಟ್ಟುವ ಹಾಗಿಲ್ಲ.

ಹೇಳಿದ್ದು ಸರಿಬಂದವರಿಗೆ ವರ್ಷದ ಮರ್ಯಾದೆ. ಮೊದಲ ತೀರ್ಥ ಅವರಿಗೆ, ಮೊದಲ ಎಲೆ ಅವರಿಗೆ. ಅವರು ಬಂದರೆ ಕೂತವರು ಏಳಬೇಕು, ಅವರು ಮಾತಾಡಿದರೆ ಮಾತಾಡುತ್ತಿದ್ದವರು ಸುಮ್ಮನಾಗಬೇಕು. ಆದರೆ ಒಂದೇ ಗೂಡಿನಲ್ಲಿ ಎಷ್ಟು ಮನೆಯ ಕಾಯಿ ಇದ್ದರೆ ಮರ್ಯಾದೆ ಅಷ್ಟು ಪಾಲಾಗುತ್ತದೆ. ಹನ್ನೆರಡು ಮನೆಯಿದ್ದರೆ ಮನೆಗೆ ಒಂದು ತಿಂಗಳು.

ಗೋಡೆಯ ಬುಡದಲ್ಲಿ ಮೂವತ್ತೊಂದನೆಯದೊಂದು ಗೂಡಿತ್ತು. ಅದಕ್ಕೆ ಇಲ್ಲದ ಗೂಡು ಎಂದು ಹೆಸರು. ಈ ತಿಂಗಳು ಬಿಚ್ಚುವುದೇ ಇಲ್ಲ ಅನ್ನುವವರ ಜಾಗ. ಅವರು ಗೆದ್ದರೆ ತಿಂಗಳ ಕೊನೆಯಲ್ಲಿ ಪಾಯಸ, ಅಷ್ಟೆ. ಸತ್ಯ ಕಟ್ಟಿಟ್ಟಲ್ಲೇ ಇರಲಿ ಅಂದ ಹಾಗಾಗುತ್ತದೆ ಎಂದು ಮರ್ಯಾದಸ್ಥರು ಆ ಗೂಡಿನ ಕಡೆ ಬಗ್ಗುತ್ತಿರಲಿಲ್ಲ.

ದಿನಾ ಬೆಳಗ್ಗೆ ಪೂಜೆಯ ಗಂಟೆ ನಿಂತ ಮೇಲೆ ಚಾವಡಿಯ ಬಾಗಿಲು ತೆರೆಯುತ್ತಿತ್ತು. ಬೀಗದವರು ಬರುತ್ತಿದ್ದರು. ಪೆಟ್ಟಿಗೆಯ ಬೀಗದಕೈ ಅವರ ಸೊಂಟದಲ್ಲಿ, ಕಡತದ ಹದ ಅವರ ಹೆಬ್ಬೆರಳಿನಲ್ಲಿ. ಅವರು ಕೆಂಪು ಗಂಟನ್ನು ಮಣೆಯ ಮೇಲಿಟ್ಟು, ಹುಲ್ಲಿನಲ್ಲಿ ಹಣ್ಣಿಗಿಟ್ಟ ಮಾವಿನಕಾಯಿ ಒತ್ತಿ ನೋಡುವ ಹಾಗೆ ಒತ್ತಿ ನೋಡುತ್ತಿದ್ದರು. ಬಗ್ಗಿ ಮೂಸುತ್ತಿದ್ದರು. ಕಿವಿಯಿಟ್ಟು ಕೇಳುತ್ತಿದ್ದರು.

‘ಇನ್ನೂ ಹದ ಬಂದಿಲ್ಲ,’ ಅನ್ನುತ್ತಿದ್ದರು.

ಊರು ಉಸಿರು ಬಿಡುತ್ತಿತ್ತು. ಗಂಟು ಪೆಟ್ಟಿಗೆಗೆ, ಬೀಗದಕೈ ಸೊಂಟಕ್ಕೆ.

ಹೀಗೆ ಆರು ವರ್ಷ.

ಆರು ವರ್ಷದಲ್ಲಿ ಊರು ಹೇಳುವುದರಲ್ಲಿ ಪಳಗಿತು. ಬೀಗದವರು ಎಡಗಾಲು ಮೊದಲಿಟ್ಟು ಬಂದರೆ ಅಷ್ಟಮಿಯೊಳಗೆ ಎಂದು ಒಬ್ಬರು, ಶಲ್ಯ ಮಡಿಸಿದ ರೀತಿ ನೋಡಿದರೆ ಹುಣ್ಣಿಮೆ ದಾಟುತ್ತದೆ ಎಂದು ಇನ್ನೊಬ್ಬರು. ಬೀಗದವರಿಗೆ ಸೀನು ಬಂದರೆ ಊರೆಲ್ಲ ಲೆಕ್ಕ ಹಾಕುತ್ತಿತ್ತು. ದೇವರಿಗೆ ಕಣ್ಣಿಲ್ಲದ್ದು ಮಾತ್ರ ಮೆಲ್ಲಗೆ ಎಲ್ಲರಿಗೂ ರೂಢಿಯಾಯಿತು.

ಎಲೆ ಹಚ್ಚುವವಳು ಶಕುನ ನೋಡುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೂ ಮಿಂದು, ದೇವರ ಕಣ್ಣಿಲ್ಲದ ಮುಖಕ್ಕೆ ಕೈಮುಗಿದು, ತನ್ನ ಕಾಯನ್ನು ಪಾಡ್ಯದ ಗೂಡಿನಲ್ಲಿಡುತ್ತಿದ್ದಳು. ಪಾಡ್ಯ ಮಾರನೆಯ ದಿನವೇ ಬರುವ ತಿಥಿ. ಅದಕ್ಕಿಂತ ಹತ್ತಿರದ ದಿನ ಗೋಡೆಯ ಮೇಲಿರಲಿಲ್ಲ. ತಿಂಗಳಿಗೊಂದು ಸಲ ಸೆರೆಮನೆಯ ಕಿಂಡಿಯಲ್ಲಿ ಗಂಡನ ಮುಖ ಕಾಣುತ್ತಿತ್ತು.

‘ಈ ಸಲ?’ ಅನ್ನುತ್ತಿದ್ದ ಅವನು.

‘ಪಾಡ್ಯ,’ ಅನ್ನುತ್ತಿದ್ದಳು ಅವಳು.

ಪ್ರತಿ ಪಾಡ್ಯವೂ ಅವಳು ಸೋಲುತ್ತಿದ್ದಳು. ಎಪ್ಪತ್ತು ಸಲ ಸೋತ ಮೇಲೆ ಊರಿನವರು ಒಂದು ನಿರ್ಧಾರಕ್ಕೆ ಬಂದರು. ಬೀಗದವರು ಬಿಚ್ಚದೆ ಇರುವುದರಿಂದ ಇವಳು ಸೋಲುತ್ತಿಲ್ಲ, ಇವಳು ಕಾಯಿ ಇಡುವುದರಿಂದಲೇ ಆ ದಿನ ಕೆಡುತ್ತಿದೆ. ಅವಳ ಕಾಯಿ ಮುಟ್ಟಿದ ಗೂಡಿಗೆ ಬೇರೆಯವರು ಕೈ ಹಾಕುವುದನ್ನು ಬಿಟ್ಟರು. ವೀಳ್ಯದೆಲೆ ಮಾರುವವಳಂತೂ ಎದುರೆದುರಿಗೇ ಹೇಳಿದಳು: ‘ನಿನ್ನ ಕೈಗುಣ ಸರಿಯಿಲ್ಲ ಕಣೆ. ಪಾಪ, ನೀನೇನು ಮಾಡ್ತೀಯ. ಆದರೆ ನನ್ನ ಕಾಯಿ ಹತ್ತಿರ ಮಾತ್ರ ಬರಬೇಡ.’

‘ಬರಲ್ಲ ಕಣಕ್ಕ,’ ಅಂದಳು ಎಲೆ ಹಚ್ಚುವವಳು.

ಆರನೆಯ ವರ್ಷದ ಕೊನೆಯಲ್ಲಿ ಬೀಗದವರ ಮನೆಯಲ್ಲಿ ಹಿರಿಯರ ತಿಥಿ ಬಂತು. ನೂರು ಎಲೆ ಬೇಕೆಂದು ಹೇಳಿ ಕಳಿಸಿದರು. ಎಲೆಯ ಕಟ್ಟು ಹೊತ್ತು ಅವಳು ಹಿತ್ತಿಲ ಬಾಗಿಲಿಗೆ ಹೋದಳು. ಆ ಮನೆ ಬೀಗದವರದಲ್ಲ, ಅವರ ಅತ್ತೆಯದು. ಬೀಗದವರು ಮನೆ ಅಳಿಯ. ಅತ್ತೆಗೆ ಕಣ್ಣು ಮಂಜು, ಕಿವಿ ಮಂದ, ನಾಲಿಗೆ ಮಾತ್ರ ಹದಿನಾರರ ಹುಡುಗಿಯದು.

‘ಯಾರವ್ವಾ ಅದು?’

‘ಎಲೆ ತಂದೀನಿ ಅಜ್ಜಿ. ನೂರು.’

‘ಕೂತ್ಕೋ, ಎಣಿಸ್ತಾ ಇರು, ನನಗೆ ಕೇಳಿಸೋ ಹಾಗೆ ಎಣಿಸು. ಒಂದು ಸೌಟು ಪಾಯಸ ಇದೆ, ತಿಂತೀಯ? ನನಗೆ ಸಾಕಾಗಿ ಹೋಗಿದೆ. ಆರು ವರ್ಷದಿಂದ ತಿಂಗಳಿಗೊಂದು ಸಲ ಚಾವಡಿಯಿಂದ ಬರುತ್ತೆ. ನನ್ನ ಕಾಯನ್ನ ಅಳಿಯಂದಿರು ಇಲ್ಲದ ಗೂಡಲ್ಲಿ ಇಡ್ತಾರಲ್ಲ, ಅದು.’

‘ಅಳಿಯಂದಿರು ಇಡ್ತಾರಾ?’

‘ಮತ್ತೆ ನಾನು ನಡೆದು ಹೋಗ್ತೀನಾ? ಗೂಡು ಯಾವ ದಿಕ್ಕಿಗಿದೆ ಅಂತಲೂ ಮರೆತೀನಿ. ಮನೆ ನಂದು, ಕಾಯಿ ನಂದು, ಕೈ ಅವರದು.’

ಎಲೆ ಹಚ್ಚುವವಳು ಎಣಿಸುವುದನ್ನು ನಿಲ್ಲಿಸಿದಳು. ಮುದುಕಿ ಮಾತು ನಿಲ್ಲಿಸಲಿಲ್ಲ.

‘ನಾನೇ ಕೇಳಿದೆ. ಅಲ್ಲಪ್ಪ, ಕಡತ ಬಿಚ್ಚೋ ದಿನ ಮೇಲಿನವರು ನಿಮಗೇ ಬಿಟ್ಟಿದ್ದಾರೆ. ಒಂದು ದಿನ ಗೊತ್ತುಮಾಡಿ, ಆ ಗೂಡಲ್ಲಿ ಕಾಯಿ ಇಟ್ಟು, ಆವತ್ತೇ ಹದ ಬಂತು ಅಂದರೆ ಆಯ್ತಲ್ಲ, ಪಾಯಸಕ್ಕೆ ಯಾಕೆ ಸಾಯ್ತೀರಿ ಅಂದೆ. ಅದಕ್ಕವರು, ಅತ್ತೇರೇ, ಒಂದೊಂದು ಗೂಡಲ್ಲೂ ಹನ್ನೆರಡು ಹದಿಮೂರು ಮನೆ ಕೂತಿದೆ, ಒಂದು ತಿಂಗಳು ಮರ್ಯಾದೆ ಮಾಡಿಸ್ಕೊಂಡು ಆಮೇಲೆ ಹನ್ನೊಂದು ತಿಂಗಳು ಇನ್ನೊಬ್ಬರನ್ನ ಕಂಡು ಎದ್ದು ನಿಲ್ಲಬೇಕಾ ಅಂದರು. ಪಾಪ, ಆಸೆ ಅವರಿಗೆ. ಈ ಮನೇಲಿ ಅವರು ಬಂದರೆ ಬೆಕ್ಕೂ ಏಳಲ್ಲ.’

‘ಪಾಡ್ಯದ ಗೂಡು ಖಾಲಿ ಇರುತ್ತಂತಲ್ಲ ಅಜ್ಜಿ?’

‘ಅದರಲ್ಲಿ ಆ ದೀವಟಿಗೆಯವನ ಹೆಂಡತಿ ಕಾಯಿ ಇರುತ್ತಂತೆ. ಅವಳ ಪಕ್ಕದಲ್ಲಿ ಅರ್ಧರ್ಧ ಕೂರೋದಕ್ಕಿಂತ ಪಾಯಸವೇ ವಾಸಿ ಅಂತಾರೆ. ಎಷ್ಟಾಯ್ತು?’

‘ನೂರು ಆಯ್ತು ಅಜ್ಜಿ.’

‘ನಲವತ್ತು ಆದ ಮೇಲೆ ನಿನ್ನ ದನಿ ಕೇಳಿಸಲಿಲ್ಲ.’

‘ನಿಮ್ಮ ಮಾತು ಕೇಳ್ತಿದ್ದೆ,’ ಅಂದಳು ಅವಳು. ಪಾಯಸವನ್ನೂ ತಿಂದಳು. ಹಳೆಯದಾದರೂ ಸಿಹಿಯಾಗಿತ್ತು.

ಆ ತಿಂಗಳೆಲ್ಲ ಅವಳು ಎಲೆಗೆ ಕಡ್ಡಿ ಚುಚ್ಚುತ್ತ, ಚುಚ್ಚುತ್ತ ಯೋಚಿಸಿದಳು. ಬೀಗದವರಿಗೆ ಯಾರೂ ಇಲ್ಲದ ಒಂದು ಗೂಡು ಬೇಕು. ಊರಿನವರಿಗೆ ಅವಳ ಕಾಯಿ ಮುಟ್ಟದ ಒಂದು ಗೂಡು ಬೇಕು. ಇಬ್ಬರ ಬೇಡಿಕೆಯೂ ದೊಡ್ಡದಲ್ಲ. ಶಿವನು ತನಗೆ ಕೊಟ್ಟಿರುವುದು ಒಂದೇ ಕಾಯಿ, ಕೆಟ್ಟದೆಂದು ಹೆಸರಾದ ಒಂದು ಕೈಗುಣ. ಇಷ್ಟು ದಿನ ಆ ಹೆಸರನ್ನು ಹೊತ್ತು ತಿರುಗಿದ್ದಾಯಿತು. ಇನ್ನು ಅದನ್ನು ಕೆಲಸಕ್ಕೆ ಹಚ್ಚಬೇಕು.

ಅಮಾವಾಸ್ಯೆ ಬಂತು. ಬೆಳಗ್ಗೆಯೇ ಗೋಡೆಯ ಮುಂದೆ ಊರು ನೆರೆಯಿತು. ಮಧ್ಯಾಹ್ನದ ಹೊತ್ತಿಗೆ ಪಾಡ್ಯದ್ದೊಂದು ಬಿಟ್ಟು ಗೂಡುಗಳೆಲ್ಲ ತುಂಬಿದವು. ಎಲೆ ಹಚ್ಚುವವಳು ಬಂದು ಎಂದಿನಂತೆ ಪಾಡ್ಯದಲ್ಲಿ ಕಾಯಿ ಇಟ್ಟಳು. ಯಾರೂ ತಿರುಗಿ ನೋಡಲಿಲ್ಲ. ನೂರ ಎಂಟು ಸಲ ದೇವರ ಹೆಸರು ಹೇಳುವಷ್ಟು ಹೊತ್ತು ನಿಂತಳು. ಆಮೇಲೆ ಕಾಯಿ ತೆಗೆದು ಬಿದಿಗೆಯ ಗೂಡಿಗೆ ಇಟ್ಟಳು.

‘ಏ, ಏ,’ ಅಂದ ಬಿದಿಗೆಯಲ್ಲಿ ಕಾಯಿ ಇಟ್ಟಿದ್ದ ಬಳೆಗಾರ. ‘ಇದೇನಮ್ಮ, ನಿನ್ನ ಜಾಗ ಅಲ್ಲಲ್ಲವಾ?’

‘ಪಾಡ್ಯ ಯಾಕೋ ಕೂಡಿ ಬರಲಿಲ್ಲ ಅಣ್ಣ. ಬಿದಿಗೆ ನೋಡೋಣ ಅಂತ.’

ಬಳೆಗಾರ ತನ್ನ ಕಾಯಿ ತೆಗೆದುಕೊಂಡ. ಬಿದಿಗೆಯ ಹನ್ನೆರಡು ಮನೆಯವರೂ ತೆಗೆದುಕೊಂಡು ತದಿಗೆಗೆ ಹೋದರು. ಮತ್ತೆ ನೂರ ಎಂಟು ಹೆಸರು ಹೇಳಿ ಅವಳೂ ತದಿಗೆಗೆ ಹೋದಳು.

‘ಅಯ್ಯೋ, ನನ್ನ ಹಿಂದೇ ಬಂದಳಲ್ಲ,’ ಅಂದ ಬಳೆಗಾರ.

ತದಿಗೆಯವರು ಚೌತಿಗೆ ಎದ್ದರು. ಚೌತಿಯವರಿಗೆ ಇರುಕಾಯಿತು. ಅವಳು ಚೌತಿಗೆ ಬಂದಳು. ಪಂಚಮಿಗೆ ಬಂದಳು. ಜನ ಅವಳ ಮುಂದೆ ಮುಂದೆ ಓಡಿದರು, ಅವಳು ಜಪ ಮಾಡುತ್ತ ಹಿಂದೆ ಹಿಂದೆ ನಡೆದಳು. ಅವಳು ಯಾರನ್ನೂ ಏಳಿಸಲಿಲ್ಲ, ಯಾರ ಕಾಯನ್ನೂ ಮುಟ್ಟಲಿಲ್ಲ. ಒಂದು ಗೂಡಿನಲ್ಲಿ ಸ್ವಲ್ಪ ಹೊತ್ತು ತನ್ನ ಕಾಯಿ ಇಡುವುದು, ತೆಗೆಯುವುದು, ಇಷ್ಟೆ.

ಏಕಾದಶಿಯ ಗೂಡಿನ ಹತ್ತಿರ ಪಂಚಾಂಗದವರು ತಡೆದರು. ಅವರು ಆರು ವರ್ಷವೂ ಏಕಾದಶಿಯನ್ನು ಬಿಟ್ಟವರಲ್ಲ.

‘ತಂಗಿ, ಇದು ಗ್ರಹಗತಿ ನೋಡಿ ಇಟ್ಟ ಕಾಯಿ. ನೀನು ಹೀಗೆ ಅಲೆದಾಡಬಾರದು.’

‘ಬಾರದು ಅಂತ ಕಟ್ಟಳೆಯಲ್ಲಿದೆಯಾ ಸ್ವಾಮಿ?’

ಪಂಚಾಂಗದವರು ಯೋಚಿಸಿದರು. ‘ಇಲ್ಲ,’ ಅಂದರು.

‘ಹಾಗಿದ್ದರೆ ಸ್ವಲ್ಪ ಸರೀರಿ.’

ಅವರು ಕಾಯಿ ತೆಗೆದುಕೊಂಡು ಸರಿದರು. ಗ್ರಹಗತಿ ಈಗ ಬದಲಾಗಿದೆ ಎಂದು ಪಕ್ಕದವರಿಗೆ ಹೇಳಿದರು.

ಮೇಲಿನ ಸಾಲು ಖಾಲಿಯಾಯಿತು. ಕೆಳಗಿನ ಸಾಲು ಕಾಯಿಗಳಿಂದ ಉಕ್ಕಿತು. ಅವಳು ಕೆಳಗಿನ ಸಾಲಿಗೆ ಇಳಿದಳು. ಹೊತ್ತು ಇಳಿಯುತ್ತಿತ್ತು. ಅವಳ ಹಿಂದೆ ಖಾಲಿ ಗೂಡುಗಳು ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡವು. ಕೊನೆಗೆ ಅಮಾವಾಸ್ಯೆಯ ಗೂಡೂ ಹೋಯಿತು. ಜನಕ್ಕೆ ಉಳಿದದ್ದು ಬುಡದ ಆ ಒಂದು ಗೂಡು. ಮರ್ಯಾದಸ್ಥರೆಲ್ಲ ಬಗ್ಗಿದರು. ಇಲ್ಲದ ಗೂಡು ತುಂಬಿ, ಕಾಯಿಗಳು ನೆಲದ ಮೇಲೆ ಗುಡ್ಡೆಯಾದವು. ಆರು ವರ್ಷದಲ್ಲಿ ಮೊದಲ ಸಲ ಇಡೀ ಊರು ಒಂದೇ ಮಾತು ಹೇಳಿತು, ಕಡತ ಬಿಚ್ಚುವುದಿಲ್ಲ ಎಂದು.

‘ಒಂದು ಸೌಟು ಪಾಯಸಾನ ಮುನ್ನೂರ ಅರವತ್ತು ಪಾಲು ಮಾಡಿದರೆ ಎಷ್ಟು ಬರುತ್ತೆ?’ ಎಂದು ಬಳೆಗಾರ ಕೇಳಿದ.

‘ಮೂಸಿ ನೋಡಬಹುದು,’ ಅಂದಳು ವೀಳ್ಯದೆಲೆಯವಳು. ‘ಆದರೂ ಚಿಂತೆಯಿಲ್ಲ. ಅವಳಂತೂ ಇಲ್ಲಿಗೆ ಬರಲ್ಲ. ಗಂಡ ಒಳಗಿರೋವಾಗ ಯಾವ ಹೆಂಗಸು ಇಲ್ಲದ ಗೂಡಲ್ಲಿ ಕಾಯಿ ಇಡ್ತಾಳೆ?’

ದೇವಸ್ಥಾನದ ಬಾಗಿಲಲ್ಲಿ ದೀಪ ಹಚ್ಚುವ ಪೂಜಾರಿ ಕಾಣಿಸಿಕೊಂಡರು. ಎಲೆ ಹಚ್ಚುವವಳು ಅಮಾವಾಸ್ಯೆಯ ಗೂಡಿನಿಂದ ಕಾಯಿ ತೆಗೆದುಕೊಂಡಳು. ವೀಳ್ಯದೆಲೆಯವಳು ಹೇಳಿದ್ದು ನಿಜ. ಮೂವತ್ತು ಗೂಡೂ ಖಾಲಿಯಾಗಬೇಕೆಂದರೆ, ಗಂಡ ಹೊರಗೆ ಬರುವುದಿಲ್ಲ ಎಂದು ತನ್ನ ಕೈಯಾರೆ ಹೇಳಬೇಕು. ಕಿಂಡಿಯಲ್ಲಿ ಕಾಣುವ ಮುಖಕ್ಕೆ ನಾಳೆ ಏನು ಉತ್ತರ? ದೇವರ ಕಡೆ ನೋಡಿದಳು. ಕಣ್ಣಿಲ್ಲದವನು ನೋಡುತ್ತಾನೋ ಇಲ್ಲವೋ, ಕೇಳುತ್ತಾನೆ ಎಂದು ಧೈರ್ಯ ಮಾಡಿ ಬಗ್ಗಿ ತನ್ನ ಕಾಯನ್ನು ಗುಡ್ಡೆಯ ತುದಿಗೆ ಇಟ್ಟಳು.

ಮುನ್ನೂರ ಐವತ್ತೊಂಬತ್ತು ಮನೆಯವರು ಒಟ್ಟಿಗೆ ನಿಟ್ಟುಸಿರಿಟ್ಟರು. ಇಲ್ಲದ ಗೂಡೂ ಕೆಟ್ಟಿತು. ತಮ್ಮ ತಮ್ಮ ಕಾಯಿ ತೆಗೆಯೋಣವೆಂದರೆ ಗುಡ್ಡೆಯಲ್ಲಿ ಯಾರದು ಯಾವುದು? ಗೀರು ಹುಡುಕುತ್ತ ಊರೆಲ್ಲ ನೆಲಕ್ಕೆ ಕೂತಿತು.

ಇಷ್ಟು ಹೊತ್ತೂ ಬೀಗದವರು ಚಾವಡಿಯ ಜಗುಲಿಯಲ್ಲಿ ಕೂತು ನೋಡುತ್ತಿದ್ದರು. ಮೊದಲು ಕಾಲ ಮೇಲೆ ಕಾಲು ಹಾಕಿ ನೋಡಿದರು. ಆಮೇಲೆ ಕಾಲು ಇಳಿಸಿ ನೋಡಿದರು. ಮೂವತ್ತು ಗೂಡು, ಮೂವತ್ತೂ ಖಾಲಿ. ಒಂದೊಂದರಲ್ಲೂ ಇಡೀ ಒಂದು ವರ್ಷ, ಪಾಲಿಲ್ಲದ ವರ್ಷ. ಪೂಜಾರಿ ದೀಪ ಹಿಡಿದು ಮೊದಲ ಮೆಟ್ಟಿಲಿಳಿದರು. ಬೀಗದವರು ಶಲ್ಯ ಕೊಡವಿ ಎದ್ದರು. ಪೂಜಾರಿ ಎರಡನೆಯ ಮೆಟ್ಟಿಲಿಳಿದರು. ಬೀಗದವರು ನಡೆದರೆಂದರೆ ನಡೆದರು, ಓಡಿದರೆಂದರೆ ಓಡಿದರು. ಅತ್ತೆಯ ಕಾಯಿ ಬೆಳಗ್ಗೆ ಮೊದಲೇ ಇಟ್ಟದ್ದಾದ್ದರಿಂದ ಗೂಡಿನ ಒಳಗೋಡೆಗೆ ಅಂಟಿಕೊಂಡಿತ್ತು. ಅದಕ್ಕೆ ಎರಡು ಗೀರು. ತೋಳಿನ ತನಕ ಕೈ ತೂರಿಸಿ ಅದನ್ನು ಎಳೆದರು.

‘ಅತ್ತೆಯವರು ಹೇಳಿ ಕಳಿಸಿದ್ದಾರೆ,’ ಎಂದು ಯಾರೂ ಕೇಳದೆಯೇ ಹೇಳಿ, ತದಿಗೆಯ ಗೂಡಿನಲ್ಲಿಟ್ಟರು.

ಪೂಜಾರಿ ದೀಪ ಹಚ್ಚಿದರು. ಕೈಗಳೆಲ್ಲ ನಿಂತವು.

ಪಾಡ್ಯದ ಬೆಳಗ್ಗೆ ಬೀಗದವರು ಕಡತ ಒತ್ತಿ ನೋಡಿ, ‘ಇನ್ನೂ ಹದ ಬಂದಿಲ್ಲ,’ ಅಂದರು. ಬಿದಿಗೆಯ ಬೆಳಗ್ಗೆ ಹೆಚ್ಚು ಹೊತ್ತು ಮೂಸಿದರು. ‘ಬರುವ ಹಾಗಿದೆ,’ ಅಂದರು. ತದಿಗೆಯ ಬೆಳಗ್ಗೆ ಹೊಸ ಪಂಚೆ ಉಟ್ಟು ಬಂದರು. ಹೆಬ್ಬೆರಳು ಗಂಟಿಗೆ ತಾಗಿತೋ ಇಲ್ಲವೋ, ‘ಹದ ಬಂದಿದೆ,’ ಅಂದರು.

ಊರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ‘ಇಲ್ಲದ ಗೂಡಲ್ಲಿ ಅವಳು ಕಾಯಿ ಇಟ್ಟಾಗಲೇ ಗೊತ್ತಾಯ್ತು, ಇಲ್ಲ ಅನ್ನೋದು ನಡೆಯಲ್ಲ ಅಂತ,’ ಅಂದಳು ವೀಳ್ಯದೆಲೆಯವಳು. ‘ಅವಳ ಕೈಗುಣ ಆರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.’

ಬೀಗದವರು ಗಂಟು ಬಿಚ್ಚಿ ಓದಲು ಕೂತರು. ಹಾಳೆಗಳ ಮೇಲೆ ದೊಡ್ಡವರ ಹೆಸರಿದ್ದಲ್ಲೆಲ್ಲ ದೀಪದ ಮಸಿ ಎಳೆದಿತ್ತು. ದೊಡ್ಡವರ ಮಾನ ಉಳಿಸುವುದಕ್ಕೆ, ಗಂಟು ಕಟ್ಟುವ ಮೊದಲೇ ಮೇಲಿನವರು ಹೇಳಿ ಎಳೆಸಿದ್ದು. ಬೀಗದವರು ಇದ್ದದ್ದನ್ನು ಇದ್ದ ಹಾಗೆ ಓದಿದರು.

‘ಔತಣಕ್ಕೆ ಬಂದವರು: ಮಸಿ, ಮಸಿ, ಮಸಿಯ ತಮ್ಮ ಮಸಿ. ತಟ್ಟೆಯನ್ನು ಮೊದಲು ಕೈಗೆ ತೆಗೆದುಕೊಂಡವರು ಮಸಿ. ಮಸಿಯು ಮಸಿಗೆ ಕೊಟ್ಟದ್ದನ್ನು ಮಸಿಯು ನೋಡಿರುವುದಾಗಿ ಮಸಿಯ ಹೇಳಿಕೆ.’

ಜನ ಕೈಕಟ್ಟಿ ಕೇಳಿದರು. ಹಾಳೆ ಮಗುಚಿತು, ಮಸಿ ಬಂತು. ಹಾಳೆ ಮಗುಚಿತು, ಮಸಿ ಬಂತು. ಆರು ವರ್ಷ ಕಾದದ್ದು ಒಂದು ಕಪ್ಪಿಗಾಗಿಯೋ ಎಂದು ಎಲೆ ಹಚ್ಚುವವಳು ಕಂಬ ಹಿಡಿದು ಕೂತಳು.

ನಾನೂರನೆಯ ಹಾಳೆಯ ಕೊನೆಯಲ್ಲಿ ಬೀಗದವರು ಅದೇ ರಾಗದಲ್ಲಿ ಓದಿದರು: ‘ದೀವಟಿಗೆಯವನು ಹೊರಗೆ ಅಂಗಳದಲ್ಲಿ ನಿಂತಿದ್ದನು. ಎಣ್ಣೆ ತೊಟ್ಟಿಕ್ಕುತ್ತದೆಂದು ಅವನನ್ನು ಒಳಗೆ ಬಿಟ್ಟಿರುವುದಿಲ್ಲ. ಮಸಿಯು…’

‘ಸ್ವಾಮಿ,’ ಅಂದಳು ಅವಳು ಎದ್ದು ನಿಂತು. ‘ಆ ಸಾಲು ಇನ್ನೊಂದು ಸಲ ಓದಿ.’

ಬೀಗದವರು ಕಣ್ಣು ಕಿರಿದು ಮಾಡಿ ನೋಡಿದರು. ಅದರ ಮೇಲೆ ಮಸಿ ಇರಲಿಲ್ಲ. ದೀವಟಿಗೆಯವನ ಮಾನಕ್ಕೆ ಒಂದು ಬೆರಳು ಮಸಿ ಖರ್ಚು ಮಾಡಬೇಕೆಂದು ಯಾರಿಗೂ ತೋರಿರಲಿಲ್ಲ. ಅವರು ಇನ್ನೊಂದು ಸಲ ಓದಿದರು. ಓದಿದ್ದನ್ನು ಅಂದೇ ನಡೆಸತಕ್ಕದ್ದು. ಜನರ ನಡುವೆ ನಿಂತಿದ್ದ ಸೆರೆಮನೆಯ ಕಾವಲಿನವನು ತಲೆ ಕೆರೆದುಕೊಂಡು, ‘ಹಾಗಾದರೆ ಬಾರಮ್ಮ,’ ಎಂದು ಮುಂದೆ ನಡೆದ.

ಅವರ ಹಿಂದೆ ಯಾರೂ ಹೋಗಲಿಲ್ಲ. ಹೋಗಲು ಪುರಸೊತ್ತಿರಲಿಲ್ಲ. ಬೀಗದವರ ಅತ್ತೆ ನಾಲ್ಕು ಜನರ ಕೈಯಲ್ಲಿ ಕುರ್ಚಿ ಹೊರಿಸಿಕೊಂಡು ಬಂದಿದ್ದಳು. ‘ಕಾಯಿ ನಂದು, ಮರ್ಯಾದೆ ನಂದು. ಏಳಿ ಅಳಿಯಂದಿರೇ, ನಾನು ಕೂರಬೇಕು,’ ಅನ್ನುತ್ತಿದ್ದಳು. ಬೀಗದವರು ಎದ್ದರು. ಆಚೆ ಪಂಚಾಂಗದವರು ಹಾಳೆಯೊಂದನ್ನು ಬಿಸಿಲಿಗೆ ಹಿಡಿದಿದ್ದರು. ಈ ಮಸಿ ಬಲು ತೆಳು, ತಾನಾಗಿ ಉದುರುವ ದಿನ ದೂರವಿಲ್ಲ ಅಂದರು. ಯಾವ ತಿಥಿ ಎಂದು ಯಾರೋ ಕೇಳಿದರು.

ಸೆರೆಮನೆಯ ಬಾಗಿಲಲ್ಲಿ ದೀವಟಿಗೆಯವನು ಬೆಳಕಿಗೆ ಕೈ ಅಡ್ಡ ಹಿಡಿದು ನಿಂತ. ಗಡ್ಡ ಬೆಳ್ಳಗಾಗಿತ್ತು.

‘ಈ ಸಲವೂ ಪಾಡ್ಯಕ್ಕೇ ಇಟ್ಟಿದ್ದೆಯಾ?’ ಅಂದ.

‘ಇಲ್ಲ. ನೀವು ಬರೋದೇ ಇಲ್ಲ ಅಂತ ಇಟ್ಟಿದ್ದೆ.’

ಅವನು ಅವಳ ಮುಖ ನೋಡಿದ. ‘ಒಳ್ಳೇದಾಯ್ತು ಬಿಡು,’ ಅಂದ.

ಮನೆಗೆ ಹೋಗುವ ದಾರಿ ಚಾವಡಿಯ ಮುಂದೆಯೇ. ಮಸಿ ಉದುರುವ ತಿಥಿಗೆ ಕಾಯಿ ಇಡಲು, ಅಮಾವಾಸ್ಯೆಗೂ ಕಾಯದೆ ಊರೆಲ್ಲ ಗೋಡೆಗೆ ಮುಗಿಬಿದ್ದಿತ್ತು. ಆರು ವರ್ಷದಿಂದ ಗೋಡೆ ಕಾಣದವನು, ಏನಿದು ಎಂದು ಗೂಡುಗಳ ಎದುರಿಗೆ ನಿಂತ. ಹಿಂದಿನಿಂದ ಬಳೆಗಾರ ಅವನ ಹೆಗಲು ತಟ್ಟಿದ.

‘ಸ್ವಲ್ಪ ಆಚೆ ನಿಂತ್ಕೊಳ್ಳಯ್ಯ,’ ಅಂದ. ‘ನೀನು ಅಡ್ಡ ನಿಂತರೆ ಗೂಡು ಕಾಣಲ್ಲ.’

ದೀವಟಿಗೆಯವನು ಸರಿದು ನಿಂತ. ಅವಳು ಅವನ ಕೈ ಹಿಡಿದಳು. ಅನ್ನಕ್ಕೆ ಇನ್ನೂ ಇಟ್ಟಿರಲಿಲ್ಲ, ಇಬ್ಬರೂ ಬೇಗ ಬೇಗ ನಡೆದರು.